ಜೋಡಿ ಶೆಲ್ಲು

ನಮ್ಮ ಕಡೆ ಟಾರ್ಚಿಗೆ ಬ್ಯಾಟ್ರಿ ಅಂತೀವಿ,
ಅದರ ಹೊಟ್ಟೆಯೊಳಗಿನ ಬ್ಯಾಟರಿಗೆ ಶೆಲ್ಲು.
ಹೊಸ ಇಂಜಿನಿಯರ್ ಸಾಹೇಬರು ಕೇಳಿ ನಕ್ಕರು.
ಅವರು ಹಗಲಿನಲ್ಲಿ ಬರುವವರು, ಜೀಪಿನಲ್ಲಿ.
ಕಾಲುವೆ ಏರಿಯ ಮೇಲೆ ರಾತ್ರಿ ಹನ್ನೊಂದು ಕಿಲೋಮೀಟರ್
ನಡೆಯುವವನಿಗೆ
ಬ್ಯಾಟ್ರಿ ಬೇರೆ, ಶೆಲ್ಲು ಬೇರೆ,
ಒಲೆ ಬೇರೆ, ಕಟ್ಟಿಗೆ ಬೇರೆ ಇದ್ದಂತೆ.

ಲಸ್ಕರ್ ತಾಯಪ್ಪ ನಿವೃತ್ತನಾಗುವ ವಾರ
ತೂಬಿನ ಬೀಗದಕೈ ಕೊಟ್ಟ, ಗೇಜು ಓದಲು ಕಲಿಸಿದ,
ಅರ್ಧ ದಿನದಲ್ಲಿ.
ಶೆಲ್ಲು ಇಟ್ಟುಕೊಳ್ಳುವುದಕ್ಕೆ ಮಾತ್ರ ಎರಡು ದಿನ ಹಿಡಿಯಿತು.

"ಬೀಗದಕೈ ಇದ್ದ ಕಿಸೆದಾಗ ಹಾಕಬ್ಯಾಡ.
ಕಬ್ಬಿಣ ತಾಗಿದ್ರ ಶೆಲ್ಲಿಗೆ ಜ್ವರ ಬರತೈತಿ,
ಒಂದ್ಸಲ ನನ್ನ ತೊಡಿ ಸುಟ್ಟೈತಿ, ನೋಡು."
ತೋರಿಸಿಯೂ ಬಿಟ್ಟ. ರೂಪಾಯಿಯಗಲ ಕಪ್ಪು ಕಲೆ.

ಹಳೆ ಸೈಕಲ್ ಟ್ಯೂಬು ಒಂದು ಗೇಣು ಕತ್ತರಿಸಿ
ಎರಡನ್ನೂ ಒಳಗೆ ತುರುಕಿ,
ನಡುವೆ ಬೀಡಿಕಟ್ಟಿನ ಕಾಗದ ಮಡಚಿಟ್ಟು,
ಎರಡೂ ಬಾಯಿ ಹುರಿಯಿಂದ ಬಿಗಿದ.
ಕಾಲುವೆಗೆ ಬಿದ್ದರೂ ನೀರು ಹೋಗುವುದಿಲ್ಲ.
"ನಾನs ಬಿದ್ದಾಗ ನೋಡೀನಿ" ಅಂದ.
ಬೇಸಿಗೆಯಲ್ಲಿ ಜೋಳದ ಡಬ್ಬಿಯ ತಳದಲ್ಲಿಡಬೇಕು,
ಇಲ್ಲಿಯ ಬಿಸಿಲಿಗೆ ಅವು ಬೆವರಿ ಬಿಳಿ ಉಪ್ಪು ಕಾರುತ್ತವೆ.

ಹಳೆಯದಕ್ಕೆ ಹೊಸದನ್ನು ಜೋಡಿ ಮಾಡಬಾರದಂತೆ,
ಹಳೆಯದನ್ನು ಹೊತ್ತು ಹೊತ್ತು ಹೊಸದೂ ಮುದುಕಾಗುತ್ತದಂತೆ.
"ಕೂಡಿ ಹಾಕಿದ್ದು ಕೂಡೇ ತಗಿ."
ಅವನ ಹೆಂಡತಿ ಹುಲಿಗೆಮ್ಮ ಚಹಾ ಇಟ್ಟು
"ಹೌದೌದು" ಅಂದಳು, ಯಾವುದಕ್ಕೋ.

ತಲೆಯಾಡಿಸಿದೆ. ಟ್ಯೂಬು ಕಟ್ಟಲಿಲ್ಲ.
ಮೊಬೈಲಿನಲ್ಲಿ ಬೆಳಕಿತ್ತಲ್ಲ.

ಭತ್ತ ಹೊಡೆಗೆ ಬಂದ ವಾರ
ಕೊನೇ ತೂಬಿನವರು ಫೋನು ಮಾಡಿ ಮಾಡಿ
ಮೊದಲು ಸತ್ತದ್ದು ಮೊಬೈಲು.
ಆಮೇಲೆ ಬ್ಯಾಟ್ರಿ, ಕೆಂಪಗಾಗಿ,
ನೆಲ ಮುಟ್ಟದೆ ತನ್ನ ಗಾಜಿಗಷ್ಟೇ ಬೆಳಗಿ.
ಕಿಸೆಯಲ್ಲಿ ಒಂದೇ ಶೆಲ್ಲು.
ಇನ್ನೊಂದನ್ನು ಮಗಳು ಗೊಂಬೆ ಮಾಡಿ
ಕಿಟಕಿಯಲ್ಲಿ ಮಲಗಿಸಿದ್ದಳು, ನನ್ನದೇ ಕರವಸ್ತ್ರ ಹೊದಿಸಿ.
ಬೆಳಿಗ್ಗೆ ನೋಡಿ ನಕ್ಕಿದ್ದೆ.

ಕತ್ತಲಾದೊಡನೆ ಕಾಲುವೆ
ಒಂದು ಹೆಜ್ಜೆ ಹತ್ತಿರ ಬಂತು.
ಏರಿಯ ಕೆಳಗೆ ಇನ್ನೊಂದು ಸದ್ದು,
ಗೋಣಿ ಹೊದಿಸಿದ ಪಂಪಿನದು, ಕೆಮ್ಮು ನುಂಗಿದಂತೆ.
"ಯಾರದು?" ಅಂದೆ. ಪಂಪು ನಿಂತಿತು.

ಒಬ್ಬ ಹತ್ತಿ ಬಂದ.
ಮುಖದ ಮೇಲೆ ಬಿಡಲು ನನ್ನಲ್ಲಿ ಬೆಳಕಿಲ್ಲ.
"ಲಸ್ಕರ್ ಸಾಹೇಬ್ರಾ? ಶೆಲ್ಲು ಸತ್ತಾವೇನು?
ಈ ಕಡೆ ಹಾವು ಭಾಳ ಅದಾವ್ರಿ. ತಗೋರಿ."
ಎರಡು. ಬಟ್ಟೆಯಲ್ಲಿ ಸುತ್ತಿದ್ದವು. ಅವನ ಮೈಗೆ ಬೆಚ್ಚಗಿದ್ದವು.
ತಲೆ ಯಾವ ಕಡೆಗೆಂದು ಹೆಬ್ಬೆರಳಿನಿಂದ ತಡವಿ ಹಾಕಿಕೊಂಡೆ.

ಗುಂಡಿ ಒತ್ತುವ ಮೊದಲು
ಬ್ಯಾಟ್ರಿ ಯಾವ ಕಡೆ ಮುಖ ಮಾಡಿದೆ ಎಂದು ಯೋಚಿಸಿದೆ.
ಅವನೂ ಯೋಚಿಸಿರಬೇಕು,
ಉಸಿರು ಕೇಳಿಸುತ್ತಿತ್ತು.

ನೆಲಕ್ಕೆ ತಿರುಗಿಸಿ ಒತ್ತಿದೆ.
ಅವನ ಚಪ್ಪಲಿ ಕಂಡವು. ಒದ್ದೆ.
ಎಡಗಾಲಿನ ಉಂಗುಟ ವೈರಿನಿಂದ ಬಿಗಿದದ್ದು.
ಅಷ್ಟೇ ನೋಡಿ ನಡೆದೆ.

ಬೆಳಿಗ್ಗೆ ರಿಜಿಸ್ಟರಿನಲ್ಲಿ ಗೇಜು ಬರೆದೆ, ಎರಡಡಿ ಒಂದಿಂಚು.
ಇಳಿದದ್ದಕ್ಕೆ ಕಾರಣ ಎಂಬಲ್ಲಿ ಪೆನ್ನು ನಿಂತಿತು.
ಕೊನೇ ತೂಬಿನ ದ್ಯಾವಮ್ಮನ ಫೋನು:
"ಇವತ್ತರs ಬರತೈತೇನಪ್ಪಾ ನೀರು?"

ಈಗ ನನ್ನ ಚೀಲದಲ್ಲಿ ಎರಡು ಟ್ಯೂಬು.
ಒಂದು ನನ್ನದು.
ಇನ್ನೊಂದು ಅವನಿಗೆ ಕೊಡಬೇಕಾದ್ದು,
ಸಿಂಧನೂರಿನಿಂದ ತಂದ ಹೊಸ ಜೋಡಿ.
ಮೊದಲು ಕೈಗೆ ಕೊಟ್ಟು
ಆಮೇಲೆ ಮುಖಕ್ಕೆ ಬೆಳಕು ಬಿಡಬೇಕೆಂದಿದ್ದೇನೆ.
ಹದಿನೆಂಟು ರಾತ್ರಿಯಾಯಿತು, ಆ ತಿರುವಿನಲ್ಲಿ ಪಂಪಿನ ಸದ್ದಿಲ್ಲ.

ಸುಮ್ಮನೆ ಇಟ್ಟರೂ ಶೆಲ್ಲು ಇಳಿಯುತ್ತವೆ
ಎಂದಿದ್ದ ತಾಯಪ್ಪ.
ದಿನಕ್ಕೆಷ್ಟು ಎಂದು
ಲೆಕ್ಕ ಹೇಳಿರಲಿಲ್ಲ.